ಒತ್ತಿ ನುಡಿಸು

ರಾಜಗೋಪಾಲನಗರದ ಆ ಬೀದಿಯಲ್ಲಿ ಮೆಲ್ಲಗೆ ಮಾತಾಡುವವರನ್ನು ಯಾರೂ ನಂಬುವುದಿಲ್ಲ. ಮೆಲ್ಲಗೆ ಮಾತಾಡಿದನೆಂದರೆ ಒಂದೋ ಮೈಗೆ ಹುಷಾರಿಲ್ಲ, ಇಲ್ಲವೇ ಏನೋ ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥ. ಬೀದಿಯ ಎರಡೂ ಕಡೆ ಕೆಳಗೆ ಶೆಡ್ಡು, ಮೇಲೆ ಮನೆ. ಕೆಳಗೆ ಪವರ್ ಪ್ರೆಸ್ಸು ತಗಡಿನ ಮೇಲೆ ಬಿದ್ದಾಗಲೆಲ್ಲ ಮೇಲಿನ ಗೂಡಿನಲ್ಲಿಟ್ಟ ಲೋಟ ನಡುಗುತ್ತದೆ. ಅಂಥ ಕಡೆ ಉಪ್ಪು ಕೊಡು ಅನ್ನುವುದನ್ನೂ ಜಗಳಕ್ಕೆ ಬಂದವರ ಹಾಗೆ ಕೂಗಿಯೇ ಹೇಳಬೇಕು. ಹೊಸದಾಗಿ ಬಂದ ಸೊಸೆಯರು ನಮ್ಮನ್ನು ಬೈಯುತ್ತಿದ್ದಾರೆ ಎಂದುಕೊಂಡು ಸ್ವಲ್ಪ ದಿನ ಅಳುತ್ತಾರೆ. ಆಮೇಲೆ ಅವರೂ ಕೂಗುತ್ತಾರೆ.

ಕೃಷ್ಣಸ್ವಾಮಿಯವರ ಮನೆ ಇದ್ದದ್ದು ಅಂಥದೇ ಒಂದು ಶೆಡ್ಡಿನ ಮೇಲೆ. ಅವರು ಮೊದಲು ಸರ್ಕಾರಿ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿದ್ದವರು. ಆ ಕಾಲವೇ ಬೇರೆ. ಕಾರ್ಖಾನೆಗೊಂದು ಲಲಿತಕಲಾ ಸಂಘ, ಸಂಘಕ್ಕೊಂದು ರಾಜ್ಯೋತ್ಸವ, ರಾಜ್ಯೋತ್ಸವಕ್ಕೆ ಕೃಷ್ಣಸ್ವಾಮಿಯವರ ಪಿಟೀಲು. ಜನರಲ್ ಮ್ಯಾನೇಜರ್ ಹೊದಿಸಿದ ಶಾಲು ನ್ಯಾಫ್ತಲೀನ್ ಗುಳಿಗೆಗಳ ಜೊತೆ ಇನ್ನೂ ಬೀರುವಿನಲ್ಲಿದೆ. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಪೀಣ್ಯದಲ್ಲೊಂದು ಖಾಸಗಿ ಪ್ರೆಸ್ ಶಾಪಿಗೆ ಸೇರಿಕೊಂಡರು. ಸಂಘ ಹೋಯಿತು, ಮರ್ಯಾದೆ ಹೋಯಿತು, ಪಿಟೀಲು ಉಳಿಯಿತು. ಅದನ್ನು ಒಬ್ಬಳೇ ಮಗಳು ಯಾಮಿನಿಯ ಕೈಗೆ ಕೊಟ್ಟರು.

ಕೊಟ್ಟರು ಅಂದರೆ ಸುಮ್ಮನೆ ಕೊಡಲಿಲ್ಲ. ಅವಳು ಒಂದನೇ ಕ್ಲಾಸಿಗೆ ಸೇರಿದ ವರ್ಷದಿಂದ ದಿನಾ ಸಂಜೆ ಶಿಫ್ಟು ಮುಗಿಸಿ ಬಂದು, ಕೈಕಾಲು ತೊಳೆದು, ಎಷ್ಟು ತೊಳೆದರೂ ಎಣ್ಣೆ ವಾಸನೆ ಬಿಡದ ಕೈಯಲ್ಲಿ ತಾಳ ಹಾಕುತ್ತಾ ಎದುರಿಗೆ ಕೂತು ಕಲಿಸಿದರು. ಕಣ್ಣು ಮುಚ್ಚಿಕೊಂಡು ಕೇಳುವುದು ಅವರ ಅಭ್ಯಾಸ. ತಪ್ಪಿದರೆ ಹೊಡೆಯುವುದಿರಲಿ, ಬೈದವರೂ ಅಲ್ಲ. ಅವರು ಹೇಳುತ್ತಿದ್ದುದು ಒಂದೇ ಮಾತು.

"ಒತ್ತಿ ನುಡಿಸು ಕಣಮ್ಮ. ಸ್ವರ ಮೇಲಕ್ಕೆ ಹೋಗ್ತಾ ಹೋಗ್ತಾ ಸೊರಗ್ತಾ ಇದೆ ನೋಡು. ಕಮಾನು ಒತ್ತು."

ಯಾಮಿನಿ ಒತ್ತುತ್ತಿದ್ದಳು. ಸಾಲದು ಎಂದರೆ ಇನ್ನೂ ಒತ್ತುತ್ತಿದ್ದಳು. ಅಪ್ಪನ ಮುಖ ಅರಳುವವರೆಗೆ ಒತ್ತಬೇಕು, ಅದೊಂದೇ ಅವಳಿಗೆ ಗೊತ್ತಿದ್ದ ಅಳತೆ. ಸಾಕು ಅನ್ನುವುದಕ್ಕೆ ಮಾತ್ರ ಅಪ್ಪನದು ಪ್ರೆಸ್ ಶಾಪಿನ ಸನ್ನೆ. ಆ ಗದ್ದಲದಲ್ಲಿ ಬಾಯಿಮಾತು ನಡೆಯುವುದಿಲ್ಲ. ಅಚ್ಚಿನೊಳಗಿಂದ ಕೈ ತೆಗೆದಾಯಿತು ಎಂದು ತಿಳಿಸಬೇಕಾದರೆ ಎರಡೂ ಅಂಗೈ ಎತ್ತಿ ತೋರಿಸಬೇಕು, ಇಲ್ಲದಿದ್ದರೆ ಆಚೆಯವನು ಪೆಡಲ್ ತುಳಿದ ಗಳಿಗೆಯಲ್ಲಿ ಬೆರಳು ಹೋಗಿರುತ್ತದೆ. ಮನೆಯಲ್ಲೂ ಅದೇ ರೂಢಿಯಾಗಿಹೋಗಿತ್ತು. ಸಾರು ಸಾಕೇ? ಎರಡು ಅಂಗೈ. ಪಾಠ ಮುಗಿಯಿತೇ? ಎರಡು ಅಂಗೈ. ಯಾಮಿನಿಯೂ ನುಡಿಸಿ ಮುಗಿಸಿದ ಮೇಲೆ ಹಾಗೇ ಕೈ ಎತ್ತಿ ತೋರಿಸುತ್ತಿದ್ದಳು, ಅಪ್ಪ ನಗುತ್ತಿದ್ದರು.

ಪಿಯುಸಿ ಮುಗಿಯುವ ಹೊತ್ತಿಗೆ ಬೆಳಿಗ್ಗೆ ತಲೆ ಬಾಚಿಕೊಳ್ಳಲು ಅವಳ ಬಲಗೈ ಮೇಲೇಳುತ್ತಿರಲಿಲ್ಲ. ಎಡಗೈಯಲ್ಲಿ ಬಾಚಿಕೊಳ್ಳುವುದನ್ನು ಕಲಿತಳು. ಯಾರಿಗೂ ಹೇಳಲಿಲ್ಲ. ಸಾಧನೆ ಅಂದರೆ ನೋವು ಇದ್ದದ್ದೇ ಎಂದು ಅಪ್ಪ ಯಾವಾಗಲೋ ಹೇಳಿದ್ದರು. ಹೇಳದ ಅಪ್ಪ ಯಾರಿದ್ದಾರೆ ಬಿಡಿ. ಮಕ್ಕಳ ನೋವಿಗೆ ಸಾಧನೆ ಎಂದು ಹೆಸರಿಟ್ಟು ನೆಮ್ಮದಿಯಾಗಿ ಮಲಗುವುದು ನಮ್ಮ ಜನಕ್ಕೆ ಚೆನ್ನಾಗಿ ಬರುತ್ತದೆ.

ಪಿಟೀಲಿನಲ್ಲೇ ಪದವಿ ಮಾಡಬೇಕು, ಕಛೇರಿ ಕೊಡುವವಳಾಗಬೇಕು ಎನ್ನುವುದರಲ್ಲಿ ಅಪ್ಪ ಮಗಳಿಗೆ ಎರಡು ಮಾತಿರಲಿಲ್ಲ. ಕೆಳಗಿನ ಶೆಡ್ಡಿನ ಮುತ್ತಣ್ಣ, "ಪಿಟೀಲು ಕುಯ್ಯೋಕೂ ಯೂನಿವರ್ಸಿಟಿ ಇದೆಯಾ ಸ್ವಾಮಿ" ಎಂದು ಕಿಚಾಯಿಸಿದರೆ ಕೃಷ್ಣಸ್ವಾಮಿ ಅವನ ತುಟಿಯನ್ನೇ ನೋಡಿ, ಅರ್ಥ ಮಾಡಿಕೊಂಡು, ನಕ್ಕು ಮೆಟ್ಟಿಲು ಹತ್ತಿದ್ದರು. ಯಾವ ವಿಶ್ವವಿದ್ಯಾಲಯ ಅನ್ನುವುದಷ್ಟೇ ಉಳಿದ ಪ್ರಶ್ನೆ. ಎರಡು ಕಡೆ ಅರ್ಜಿ ಹಾಕಿದ್ದರು. ಒಂದು ಬೊಮ್ಮಸಂದ್ರದ ಆಚೆ ಹೊಸೂರು ರಸ್ತೆಯಲ್ಲಿದ್ದ ಖಾಸಗಿ ವಿಶ್ವವಿದ್ಯಾಲಯ, ಇನ್ನೊಂದು ಮೈಸೂರಿನಲ್ಲಿ.

ಹೊಸೂರು ರಸ್ತೆಯದಕ್ಕೆ ಅಪ್ಪ ರಜೆ ಹಾಕಿ ತಾವೇ ಕರೆದುಕೊಂಡು ಹೋದರು. ಎಸಿ ಹಾಲು, ಅವಳ ಮುಂದೆ ಮೈಕು, ಮೂಲೆಯಲ್ಲಿ ಕಪ್ಪು ಸ್ಪೀಕರುಗಳು. ಪರೀಕ್ಷೆ ಮಾಡಿದವನು ಅನುರಾಗ್ ಎಂಬ ಪೋನಿಟೇಲಿನ ಮೇಷ್ಟರು. ಅವಳು ನುಡಿಸಿದ್ದನ್ನು ಕೇಳಿ ಅಪ್ಪನ ಹತ್ತಿರ ಬಂದು ಜೋರಾಗಿ ಹೇಳಿದ, "ಸಕ್ಕತ್ ಬೋಲ್ಡ್ ಟೋನ್ ಸಾರ್. ಡ್ರಮ್ಸ್ ಪಕ್ಕ ಕೂರಿಸಿದ್ರೂ ಇವಳ ವಯೊಲಿನ್ ಮುಚ್ಚಿಹೋಗಲ್ಲ. ಫ್ಯೂಷನ್‌ಗೆ ಹೇಳಿ ಮಾಡಿಸಿದ ಹಾಗಿದೆ." ಸೀಟು ಅಲ್ಲೇ ಖಾತ್ರಿಯಾಯಿತು. ವಾಪಸು ಬರುವಾಗ ಹೆಬ್ಬಗೋಡಿ ದಾಟುವುದರೊಳಗೆ ಅಪ್ಪ ಆ ಮಾತನ್ನು ಬಸ್ಸಿನ ಕಂಡಕ್ಟರಿಗೂ ಹೇಳಿಯಾಗಿತ್ತು.

"ದೂರ ಆಗುತ್ತೆ, ಆದ್ರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬಂದ್ಬಿಡ್ತೀಯ" ಎಂದರು. "ನಮ್ಮ ಪಾಠ ಒಂದು ದಿನಾನೂ ತಪ್ಪಲ್ಲ. ಅದೇ ಬೇಕಾಗಿದ್ದು."

ಮೈಸೂರಿನದಕ್ಕೆ ಎರಡನೇ ಸಲ ರಜೆ ಸಿಗಲಿಲ್ಲ. ಅವಳ ಜೊತೆಗೆ ಹೊರಟವಳು ಅವಳಮ್ಮ ಅಮ್ಮಣ್ಣಿ.

ಅಲ್ಲಿ ಹಾಲಿಲ್ಲ, ಮೈಕಿಲ್ಲ. ಹಳೇ ಕಟ್ಟಡದ ಹಿಂಬದಿಯಲ್ಲಿ ಒಂದು ಸಣ್ಣ ಕೋಣೆ, ಚಾಪೆ, ತಂಬೂರಿ. ಪ್ರೊಫೆಸರ್ ನಿವೇದಿತಾ ತಲೆ ಪೂರ್ತಿ ನೆರೆತ ಹೆಂಗಸು. ಯಾಮಿನಿ ಚಕ್ಕಳಮಕ್ಕಳ ಹಾಕಿ ಕೂತು ಪಿಟೀಲಿನ ತುದಿಯನ್ನು ಹಿಮ್ಮಡಿಗೆ ಆನಿಸಿಕೊಂಡ ಮೇಲೆ ಆಕೆ ಎದ್ದು ಹೋಗಿ ಫ್ಯಾನು ಆರಿಸಿದರು. ಕೋಣೆ ನಿಶ್ಶಬ್ದವಾಯಿತು. ಅಷ್ಟು ನಿಶ್ಶಬ್ದವಾದ ಜಾಗದಲ್ಲಿ ಯಾಮಿನಿ ಹುಟ್ಟಿದಾಗಿನಿಂದ ಪಿಟೀಲು ಮುಟ್ಟಿರಲಿಲ್ಲ. ವರ್ಣ ಎತ್ತಿಕೊಂಡಳು. ಕೆಳಗಿನ ಸ್ವರಗಳು ಹೇಗೋ ನಡೆದವು. ಮೇಲಿನ ಷಡ್ಜಕ್ಕೆ ಬಂದಾಗ ಕಲ್ಲಿನ ಮೇಲೆ ತಗಡು ಎಳೆದಂಥ ಸದ್ದೊಂದು ಕೋಣೆ ತುಂಬಿತು. ಇದೇನು ಎಂದು ಅವಳು ಬೆಚ್ಚಿದಳು. ಅದು ಅವಳದೇ ಸದ್ದು.

ನಿವೇದಿತಾ ಕೈ ಅಡ್ಡ ತಂದು ನಿಲ್ಲಿಸಿದರು.

"ಎಡಗೈ ಚೆನ್ನಾಗಿದೆ. ಸ್ವರ ಎಲ್ಲೂ ತಪ್ಪಲ್ಲ, ಯಾರೋ ಕಷ್ಟಪಟ್ಟು ಕಲಿಸಿದ್ದಾರೆ. ಆದ್ರೆ ಈ ಬಲಗೈ ಏನಿದು? ಕಿವುಡರ ಮುಂದೆ ಕೂತು ನುಡಿಸೋರ ಹಾಗೆ ಉಜ್ಜುತ್ತಿದ್ದೀಯಲ್ಲ. ಯಾರು ನಿನ್ನ ಗುರುಗಳು?"

ಆಕೆಗೆ ಮನೆಯ ವಿಷಯ ಏನೂ ಗೊತ್ತಿಲ್ಲ. ಮೇಷ್ಟರುಗಳು ಬೈಯುವ ಹಾಗೆ ಒಂದು ಮಾತು ಬೈದರು, ಅಷ್ಟೇ. ಉತ್ತರ ಕೊಡಲೆಂದು ಯಾಮಿನಿ ಬಾಯಿ ತೆರೆದು, ಬಾಗಿಲ ಪಕ್ಕ ಕೂತಿದ್ದ ಅಮ್ಮನ ಕಡೆ ನೋಡಿದಳು. ಅಮ್ಮಣ್ಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡುತ್ತಿದ್ದಳು. ಬೀದಿಯಲ್ಲಿ ಯಾರು ಏನೆಂದರೂ ಎದುರು ನಾಲ್ಕು ಮಾತು ಬಿಡದೆ ಸುಮ್ಮನಾಗದ ಅಮ್ಮಣ್ಣಿ.

"ನಮ್ಮಪ್ಪ" ಎಂದಳು.

ನಿವೇದಿತಾ ಅವಳ ಹಿಂದೆ ಬಂದು ಕೂತು, ಮಣಿಕಟ್ಟನ್ನು ಕೆಳಗಿನಿಂದ ಹಿಡಿದು ಎತ್ತಿದರು. ಭಾರ ಬಿಡು ಎಂದರು, ಇನ್ನೂ ಬಿಡು ಎಂದರು. ಅವಳ ಕೈಯನ್ನು ತಮ್ಮ ಕೈಯಲ್ಲಿ ಹೊತ್ತುಕೊಂಡು ಕಮಾನನ್ನು ಒಂದೇ ಒಂದು ಸಲ ಉದ್ದಕ್ಕೆ ಎಳೆದರು. ಅದೇ ಷಡ್ಜ ಬಂತು. ಅಷ್ಟು ಸಣ್ಣಗೆ, ಅಷ್ಟು ತುಂಬಿಕೊಂಡು ಬಂತು. ತನ್ನ ಪಿಟೀಲಿನೊಳಗೆ ಇದು ಇತ್ತೇ ಎಂದು ಯಾಮಿನಿಗೆ ಅಳು ಬಂತು. ಅಳುತ್ತಲೇ ಇರುವಾಗ ಆಕೆ ಭುಜ ಒತ್ತಿ ನೋಡಿದರು. ಅವಳು ಹಾ ಎಂದು ಮುದುಡಿದಳು.

"ಹೀಗೇ ನುಡಿಸ್ತಾ ಹೋದ್ರೆ ಈ ಭುಜ ಪದವಿ ಮುಗಿಯೋವರೆಗೂ ಬರಲ್ಲ. ಕಛೇರಿ ಮಾತು ಬಿಡು, ಬಿಂದಿಗೆ ಎತ್ತೋಕಾಗಲ್ಲ" ಎಂದರು ನಿವೇದಿತಾ. "ಸೀಟು ಕೊಡ್ತೀನಿ. ಮೊದಲನೇ ವರ್ಷ ಬರೀ ಸರಳೆ, ಜಂಟಿ, ಮಗು ಕಲಿಯೋ ಹಾಗೆ ಮೊದಲಿಂದ. ಇವತ್ತಿಂದಲೇ ಒತ್ತೋದು ಬಿಡಬೇಕು. ರಜೆಗೆ ಮನೆಗೆ ಹೋದ್ರೂ ಹಳೇ ಪಾಠ ಬೇಡ, ಅಪ್ಪನ ಮುಂದೆ ನುಡಿಸಬೇಡ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ. ನೀನಿನ್ನೂ ಗಿಡ. ಇನ್ನು ಸ್ವಲ್ಪ ದಿನ ಬಿಟ್ಟು ಬಂದಿದ್ರೆ ನಾನು ನಿನ್ನ ತಗೋತಾನೇ ಇರಲಿಲ್ಲ. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳು."

ವಾಪಸು ಬರುವಾಗ ಬಸ್ಸು ಶ್ರೀರಂಗಪಟ್ಟಣ ದಾಟಿತು. ಆಮೇಲೆ ಯಾಮಿನಿಯೇ ಕೇಳಿದಳು.

"ಯಾವಾಗಿಂದ?"

"ನಿನ್ನ ಕೈಗೆ ಪಿಟೀಲು ಕೊಡೋಕೆ ಮುಂಚಿಂದ." ಅಮ್ಮಣ್ಣಿ ಮೆಲ್ಲಗೆ ಮಾತಾಡುತ್ತಿದ್ದಳು. ಅಮ್ಮನ ಮೆಲುದನಿ ಹೇಗಿರುತ್ತದೆಂದು ಯಾಮಿನಿ ಕೇಳಿದ್ದೇ ಅಂದು. "ಮೊದಲು ಕುಕ್ಕರ್ ಸೀಟಿ ಕೇಳಿಸ್ತಿರಲಿಲ್ಲ. ಆಮೇಲೆ ಬಾಗಿಲ ಬೆಲ್ಲು. ಈಗ ತುಟಿ ನೋಡ್ಕೊಂಡು ಕಾಲ ತಳ್ತಾ ಇದ್ದಾರೆ. ಶಾಪಲ್ಲಿ ವರ್ಷಕ್ಕೊಂದ್ಸಲ ಕಿವಿ ಟೆಸ್ಟು ಮಾಡ್ತಾರೆ. ಟೆಸ್ಟು ಮಾಡೋ ಹುಡುಗ ಗುಂಡಿ ಒತ್ತೋದನ್ನ ಓರೆಗಣ್ಣಲ್ಲಿ ನೋಡಿ, ಸದ್ದು ಕೇಳಿಸ್ತು ಅನ್ನೋ ಹಾಗೆ ಇವರು ಬೆರಳು ಎತ್ತುತ್ತಾರೆ. ಕಿವಿ ಕೇಳದವನನ್ನ ಪ್ರೆಸ್ ಮುಂದೆ ಯಾರು ನಿಲ್ಲಿಸ್ತಾರೆ ಹೇಳು. ಮನೆಗೆ ಹೋಗು ಅಂತಾರೆ."

"ಅಂದ್ರೆ ಅಪ್ಪಂಗೂ ಗೊತ್ತು."

"ಮಿಕ್ಕಿದ್ದೆಲ್ಲ ಕೇಳಲ್ಲ ಅಂತ ಗೊತ್ತು. ನಿನ್ನ ಪಿಟೀಲು ಮಾತ್ರ ಕೇಳ್ಸುತ್ತೆ ಅಂತ ನಂಬ್ಕೊಂಡಿದ್ದಾರೆ. ದೇವರು ಅದೊಂದು ಉಳಿಸಿದ್ದಾನೆ ಕಣೇ ಅಂತ ನನ್ನ ಹತ್ರ ಹೇಳಿದ್ರು."

ಯಾಮಿನಿಗೆ ಮೈಯೆಲ್ಲ ಉರಿಯಿತು. ಅಮ್ಮನ ಮೇಲೆ ಅಷ್ಟು ಕೋಪ ಅವಳಿಗೆ ಎಂದೂ ಬಂದಿರಲಿಲ್ಲ. "ನನ್ನ ಕೈ ಹೋಗ್ತಾ ಇತ್ತಲ್ಲಮ್ಮ. ಗೊತ್ತಿದ್ದೂ ಸುಮ್ನೆ ಕೂತಿದ್ದೆಯಲ್ಲ."

"ಕೈ ವಿಷಯ ಗೊತ್ತಿರಲಿಲ್ಲ, ನಿನ್ನಾಣೆ" ಎಂದಳು ಅಮ್ಮಣ್ಣಿ. "ಸಂಜೆ ಆ ಒಂದು ಹೊತ್ತು ಅವರ ಮುಖ ಮನುಷ್ಯರ ಮುಖದ ಹಾಗಿರ್ತಿತ್ತು. ಅದನ್ನ ನೋಡ್ಕೊಂಡು ಸುಮ್ನಿದ್ದೆ. ಬೈ, ಬೈಸ್ಕೋತೀನಿ."

ಯಾಮಿನಿ ಕಿಟಕಿಯ ಕಡೆ ತಿರುಗಿ ಕೂತಳು.

ಆ ವಾರ ಯಾಮಿನಿ ಅಪ್ಪನನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು. ಅಮ್ಮ ಮಾತಿಗೆ ಮುಂಚೆ ಅಪ್ಪನ ತೋಳು ಮುಟ್ಟುತ್ತಿದ್ದಳು, ಎಷ್ಟು ವರ್ಷದಿಂದ ಮುಟ್ಟುತ್ತಿದ್ದಳೋ ಏನೋ. ಟಿವಿಯ ಕೆಳಗೆ ಓಡುವ ಅಕ್ಷರಗಳಲ್ಲಿ ಅಪ್ಪ ವಾರ್ತೆಯನ್ನು ಓದುತ್ತಿದ್ದರು, ಕೇಳುತ್ತಿರಲಿಲ್ಲ. ಎಲ್ಲರೂ ಕೂಗಾಡುವ ಬೀದಿಯಲ್ಲಿ ಒಬ್ಬ ಮನುಷ್ಯ ಕಿವುಡನಾದರೆ ಯಾರಿಗೆ ತಾನೇ ಗೊತ್ತಾಗಬೇಕು? ಸಂಜೆ ಪಾಠಕ್ಕೆ ಕೂತರೆ ಹಿಂದಿನ ಹಾಗೇ ಒತ್ತಿದಳು, ಇನ್ನೇನು ಮಾಡುವುದು ಎಂದು ತೋಚಲಿಲ್ಲ. ಭುಜದಿಂದ ಬೆರಳವರೆಗೆ ಬೆಂಕಿ ಹರಿಯಿತು. ಅಪ್ಪನ ಮುಖ ಅರಳಿತು. ಕೋಣನ ಮುಂದೆ ಕಿನ್ನರಿ ಎಂಬ ಗಾದೆ ಅವಳ ತಲೆಯೊಳಗೆ ತಾನಾಗಿ ಬಂದು, ಥೂ, ಅಪ್ಪನನ್ನು ಹೀಗೆ ಅಂದುಕೊಂಡೆನಲ್ಲ ಎಂದು ಊಟ ಸೇರಲಿಲ್ಲ.

ಮೈಸೂರಿನ ಸುದ್ದಿಯನ್ನು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದರು. "ಸೀಟು ಕೊಡದೆ ಏನು, ಕೈ ಅಂಥದು. ಆದ್ರೆ ಹಾಸ್ಟೆಲಲ್ಲಿ ದಿನಾ ನಿನ್ನ ಕೈ ಯಾರು ನೋಡ್ತಾರೆ? ಒತ್ತಿ ನುಡಿಸು ಅಂತ ಯಾರು ಹೇಳ್ತಾರೆ? ಸೋಮವಾರ ಹೇಗಾದ್ರೂ ರಜೆ ಹಾಕ್ತೀನಿ, ಹೊಸೂರು ರೋಡಿಗೆ ಹೋಗಿ ಸೇರಿಸಿಬಿಡೋಣ."

ಹೇಳಬೇಕು ಎಂದು ಅವಳು ದಿನಾ ಅಂದುಕೊಂಡಳು. ಹೇಗೆ ಹೇಳುವುದು ನೋಡಿ. ಮೆಲ್ಲಗೆ ಹೇಳಿದರೆ ಅಪ್ಪನಿಗೆ ಕೇಳಿಸುವುದಿಲ್ಲ. ಕೇಳಿಸುವ ಹಾಗೆ ಕೂಗಿದರೆ ಬೀದಿಗೆಲ್ಲ ಕೇಳುತ್ತದೆ, ಕೆಳಗಿನ ಮುತ್ತಣ್ಣನಿಗೂ ಕೇಳುತ್ತದೆ. ಮುತ್ತಣ್ಣನ ಭಾವಮೈದ ಅಪ್ಪನ ಶಾಪಿನಲ್ಲೇ ಸೂಪರ್‌ವೈಸರ್. ಅಪ್ಪನಿಗೆ ಕಿವಿ ಹೋಗಿದೆ ಎಂದು ಅಪ್ಪನಿಗೇ ಹೇಳಲು ಆ ಮನೆಯಲ್ಲಿ ದಾರಿಯಿರಲಿಲ್ಲ. ಬರೆದು ತೋರಿಸೋಣವೆಂದರೆ, ಎದುರಿಗೆ ನಿಂತು ಅಪ್ಪ ಓದುವುದನ್ನು ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಅಪ್ಪನಿಗೆ ಹೂಂ ಅಂದರೆ ಅಪ್ಪ ಉಳಿಯುತ್ತಾರೆ, ಕೈ ಹೋಗುತ್ತದೆ. ಊಹೂಂ ಅಂದರೆ ಕೈ ಉಳಿಯುತ್ತದೆ. ಅತ್ತ ದರಿ, ಇತ್ತ ಪುಲಿ.

ಭಾನುವಾರ ಬಂತು. ಕೆಳಗಿನ ಪ್ರೆಸ್ಸಿಗೆ ಅಪರೂಪಕ್ಕೆ ಆ ದಿನ ರಜೆ. ಬೀದಿ ಎಂದಿಲ್ಲದ ಹಾಗೆ ತಣ್ಣಗಿತ್ತು, ಯಾರದೋ ಮಹಡಿಯಲ್ಲಿ ಬಟ್ಟೆ ಒಗೆಯುವ ಸದ್ದೂ ಕೇಳುತ್ತಿತ್ತು. ಅಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಚಾಪೆ ಹಾಸಿ ತಾವೇ ಕೂತರು.

"ನಾಳೆ ಒಳ್ಳೇ ಕೆಲಸಕ್ಕೆ ಹೋಗ್ತಿದ್ದೀವಿ. ಮೊದಲು ಕಲಿತ ವರ್ಣ ನುಡಿಸ್ಬಿಡಮ್ಮ" ಎಂದು ಕಣ್ಣು ಮುಚ್ಚಿದರು. ಬಲಗೈ ತೊಡೆಯ ಮೇಲೆ ತಾಳಕ್ಕೆ ಅಣಿಯಾಯಿತು.

ಯಾಮಿನಿ ಕಮಾನಿಗೆ ರಾಳ ಉಜ್ಜಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದಳು. ಆಮೇಲೆ ಮೈಸೂರಿನಲ್ಲಿ ಆ ಹೆಂಗಸು ಹಿಡಿದ ಹಾಗೆ ಮಣಿಕಟ್ಟು ಎತ್ತಿ, ಕೈಯ ಭಾರ ಪೂರ್ತಿ ಬಿಟ್ಟು ಶುರು ಮಾಡಿದಳು. ಕೆಳಗಿನ ತಂತಿಯ ಸ್ವರಗಳು ಅಪ್ಪನಿಗೆ ಅಷ್ಟಿಷ್ಟು ಮುಟ್ಟಿದವೆಂದು ಕಾಣುತ್ತದೆ. ಕೈ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು, ತುಟಿಯಲ್ಲಿ ನಗುವಿತ್ತು. ವರ್ಣ ಮೇಲಕ್ಕೆ ಏರತೊಡಗಿತು. ಅವಳು ಒತ್ತಲಿಲ್ಲ. ಷಡ್ಜ ಸಣ್ಣಗೆ, ತುಂಬಿಕೊಂಡು ಬಂತು. ಯಾರೂ ಹಿಡಿಯದೆ, ಅವಳ ಕೈಯೊಂದರಿಂದಲೇ ಬಂದ ಮೊದಲನೇ ಒಳ್ಳೇ ಸ್ವರ ಅದು.

ಅಪ್ಪನ ಕೈ ತಾಳದ ನಡುವೆ ಮೇಲೆತ್ತಿದ್ದು ಹಾಗೇ ನಿಂತಿತು.

"ಯಾಕಮ್ಮ ನಿಲ್ಲಿಸ್ಬಿಟ್ಟೆ?" ಎಂದರು, ಕಣ್ಣು ಮುಚ್ಚಿಕೊಂಡೇ.

ಅವಳು ನಿಲ್ಲಿಸಿರಲಿಲ್ಲ. ನುಡಿಸುತ್ತಲೇ ಇದ್ದಳು. ಅಡುಗೆಮನೆಯ ಬಾಗಿಲಲ್ಲಿ ಅಮ್ಮಣ್ಣಿ ಬಂದು ನಿಂತಳು.

"ಒತ್ತಮ್ಮ. ಸೊರಗ್ತಾ ಇದೆ. ಸ್ವಲ್ಪ ಒತ್ತು" ಎಂದರು ಅಪ್ಪ, ಕೆಳಗಿನ ಸ್ವರವೊಂದು ಮುಟ್ಟಿದಾಗ.

ಒಂಚೂರು ಒತ್ತಿದರೆ ಸಾಕಿತ್ತು. ಅವಳ ಮಣಿಕಟ್ಟಿಗೆ ಆ ದಾರಿ ನಿದ್ದೆಯಲ್ಲೂ ಗೊತ್ತು. ಒತ್ತಿದರೆ ಅಪ್ಪನ ಮುಖ ಅರಳುತ್ತದೆ, ನಾಳೆ ಹೊಸೂರು ರಸ್ತೆಯ ಬಸ್ಸು ಹತ್ತುತ್ತಾರೆ, ದಿನಾ ಸಂಜೆ ಹೀಗೇ ಎದುರಿಗೆ ಕೂರುತ್ತಾರೆ. ಅಪ್ಪಾ, ನನ್ನಿಂದಾಗಲ್ಲ ಎಂದು ಅವಳು ಮನಸ್ಸಿನಲ್ಲೇ ಅಂದಳು. ಕಣ್ಣೀರು ಗಲ್ಲದಿಂದಿಳಿದು ಪಿಟೀಲಿನ ಮೇಲೆ ಬಿತ್ತು. ಒತ್ತಲಿಲ್ಲ.

ಅಪ್ಪ ಕಣ್ಣು ಬಿಟ್ಟರು.

ಕಮಾನು ಹೋಗಿ ಬರುತ್ತಿರುವುದನ್ನು ನೋಡಿದರು. ಎಡಗೈ ಬೆರಳುಗಳನ್ನು ನೋಡಿದರು. ಎಲ್ಲ ಸ್ವರವೂ ತಾವು ಕಲಿಸಿದ ಜಾಗದಲ್ಲೇ ಇತ್ತು. ಮಗಳ ಮುಖ ನೋಡಿದರು, ಆಮೇಲೆ ಬಾಗಿಲಲ್ಲಿದ್ದ ಹೆಂಡತಿಯ ಕಡೆ ತಿರುಗಿದರು. ಅಮ್ಮಣ್ಣಿ ಈ ಸಲ ನೆಲ ನೋಡಲಿಲ್ಲ. ಕೆಳಗೆ ಪ್ರೆಸ್ಸೂ ಓಡುತ್ತಿರಲಿಲ್ಲ, ಕೇಳಿಸದ್ದನ್ನು ಅದರ ಮೇಲೆ ಹಾಕಿ ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ. ಒಂದು ಸಲ ಬಲಗಿವಿಯನ್ನು ಅಂಗೈಯಿಂದ ಉಜ್ಜಿಕೊಂಡರು, ನೀರು ಹೋದಾಗ ಉಜ್ಜಿಕೊಳ್ಳುವ ಹಾಗೆ.

ಆಮೇಲೆ ಮತ್ತೆ ಕಣ್ಣು ಮುಚ್ಚಿಕೊಂಡರು. ನಿಂತಿದ್ದ ಕೈ ತಾಳ ಹಾಕತೊಡಗಿತು. ಎತ್ತಿಕೊಂಡ ಜಾಗ ತಪ್ಪಾಗಿತ್ತು. ಹನ್ನೆರಡು ವರ್ಷದಲ್ಲಿ ಒಂದು ಸಲವೂ ತಾಳ ತಪ್ಪದಿದ್ದ ಕೈ ಅವಳಿಗಿಂತ ಹಿಂದೆ ಬಿದ್ದಿತು, ಆಮೇಲೆ ಮುಂದೆ ಹೋಯಿತು. ಯಾಮಿನಿ ಅದನ್ನು ನೋಡುತ್ತಾ ಎಲ್ಲೂ ಬಿಡದೆ ವರ್ಣವನ್ನು ಕೊನೆಯವರೆಗೆ ನುಡಿಸಿದಳು. ಅಷ್ಟು ಚೆನ್ನಾಗಿ ಅವಳು ಎಂದೂ ನುಡಿಸಿರಲಿಲ್ಲ.

ಕಮಾನನ್ನು ಕೆಳಗಿಟ್ಟು ಎರಡೂ ಅಂಗೈ ಎತ್ತಿ ತೋರಿಸಿದಳು.

ಅಪ್ಪ ಕಣ್ಣು ತೆರೆಯಲಿಲ್ಲ. ಅವರ ಕೈ ತಾಳ ಹಾಕುತ್ತಲೇ ಇತ್ತು.